ಉದ್ರಿ ವಹಿಯಲ್ಲಿ ಕಾಣದ ಉಳಿತಾಯ

2025ರ ಸೆಪ್ಟೆಂಬರ್ 22ರಂದು ಹೊಸ ಜಿಎಸ್‌ಟಿ ದರ ಬಂದಾಗಿನಿಂದ ಅಂಗಡಿಗೆ ಬಂದವರು ಚೀಲ ಬಿಚ್ಚುವ ಮೊದಲು ಕೇಳುವುದು ಒಂದೇ: ‘ಏನೇನ್ ಇಳದೈತ್ರೀ ಸಾವ್ಕಾರ್ರ?’ ಲಕ್ಷ್ಮೇಶ್ವರದ ಬಜಾರದಲ್ಲಿ ನನ್ನದೊಂದು ಸಣ್ಣ ಕಿರಾಣಿ ಅಂಗಡಿ. ಸಾವ್ಕಾರಿಕೆ ಬರೀ ಬಾಯಿಮಾತಿನದು. ಉತ್ತರವೇನೋ ಸುಲಭ. ಮೈಸಾಬೂನು, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ, ಶಾಂಪೂ, ಬಿಸ್ಕತ್ತು ಇವೆಲ್ಲ ಶೇ 18ರಿಂದ ಶೇ 5ಕ್ಕೆ ಇಳಿದಿವೆ. ತುಪ್ಪ, ಬೆಣ್ಣೆ ಶೇ 12ರಿಂದ 5ಕ್ಕೆ. ತೆರಿಗೆ ಸೇರಿ 118 ರೂಪಾಯಿ ಆಗುತ್ತಿದ್ದ ಸರಕು 105ಕ್ಕೆ ಬಂತು. ಅಂದರೆ ಗಿರಾಕಿ ಕೊಡುತ್ತಿದ್ದ ಪ್ರತಿ ನೂರರಲ್ಲಿ ಹನ್ನೊಂದು ರೂಪಾಯಿ ಉಳಿಯಿತು. ಒಳ್ಳೆಯದೇ ಆಯಿತು. ದರ ಇಳಿದರೆ ಮುಖ ಸಣ್ಣ ಮಾಡುವ ವ್ಯಾಪಾರಿ ನಾನಲ್ಲ.

ಆದರೆ ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಉದ್ರಿ ವಹಿ ಇದೆ. ಅದರಲ್ಲಿ ಕೆಲವು ಪುಟಗಳು ‘ಪಗಾರ ಬಂದ ಮ್ಯಾಲೆ ಕೊಡತೇನ್ರಿ’ ಅನ್ನುವವರವು. ಈ ಪಗಾರ ನೌಕರಿಯದಲ್ಲ, ಅಂಗವಿಕಲರಿಗೆ ಸರ್ಕಾರ ಕೊಡುವ ಮಾಸಾಶನ. ಅಂಗವೈಕಲ್ಯ ಶೇ 40ರಿಂದ 75ರ ಒಳಗಿದ್ದರೆ ತಿಂಗಳಿಗೆ 800 ರೂಪಾಯಿ, ಅದಕ್ಕೂ ಮೇಲಿದ್ದರೆ 1,400.

ಒಂದು ಪುಟ ಬಿಡಿಸಿ ತೋರಿಸುತ್ತೇನೆ, ಹೆಸರು ಬೇಡ. ನಮ್ಮ ಓಣಿಯ ಅಕ್ಕ, ಊರುಗೋಲು ಹಿಡಿದು ನಡೆಯುವವಳು. ವಯಸ್ಸಾದ ತಾಯಿಯ ಜೊತೆ ಇದ್ದಾಳೆ. ಸೀರೆಗೆ ಫಾಲ್ ಹಚ್ಚುತ್ತಾಳೆ, ಕುಪ್ಪಸ ಹೊಲಿಯುತ್ತಾಳೆ. ಅಕ್ಕಿ ರೇಷನ್ನಿನದು. ಜೋಳ ಸಂತೆಯಲ್ಲಿ ಬಿಡಿಯಾಗಿ ತರುತ್ತಾಳೆ, ಅದಕ್ಕೆ ಮೊದಲೂ ತೆರಿಗೆ ಇರಲಿಲ್ಲ, ಈಗಲೂ ಇಲ್ಲ. ನನ್ನಲ್ಲಿ ತೊಗರಿಬ್ಯಾಳಿ, ಬೆಲ್ಲ ತೂಗಿಸಿಕೊಂಡು ಒಯ್ಯುತ್ತಾಳೆ: ತೆರಿಗೆ ಸೊನ್ನೆ. ಉಪ್ಪು ಸೊನ್ನೆ. ಅಡುಗೆ ಎಣ್ಣೆ, ಸಕ್ಕರೆ, ಚಹಾಪುಡಿ ಮೊದಲೂ ಶೇ 5, ಈಗಲೂ ಶೇ 5. ಬಟ್ಟೆ ಒಗೆಯುವ ಪುಡಿ ಶೇ 18ರಲ್ಲೇ ಕುಳಿತಿದೆ. ಮೈ ತೊಳೆಯುವುದು ಅಗತ್ಯ, ಅರಿವೆ ಒಗೆಯುವುದು ಅಗತ್ಯವಲ್ಲ ಎಂದು ಜಿಎಸ್‌ಟಿ ಮಂಡಳಿಗೆ ಯಾಕೆ ಅನ್ನಿಸಿತೋ ದೇವರೇ ಬಲ್ಲ. ಅವಳ ಪುಟದಲ್ಲಿ ನಿಜವಾಗಿ ಇಳಿದದ್ದು ಮೈಸಾಬೂನು, ಸಣ್ಣ ಪೇಸ್ಟು, ತಲೆಯೆಣ್ಣೆ, ಬಿಸ್ಕತ್ತು. ಎಲ್ಲ ಕೂಡಿಸಿದರೂ ತಿಂಗಳಿಗೆ ನೂರೈವತ್ತು ರೂಪಾಯಿ ದಾಟುವುದಿಲ್ಲ. ಉಳಿತಾಯ ಹದಿನಾರೋ ಹದಿನೇಳೋ ರೂಪಾಯಿ. ಔಷಧಿಯ ಮೇಲೂ ತೆರಿಗೆ ಇಳಿದಿದೆ ಅನ್ನುತ್ತೀರಿ, ನಿಜ. ತಾಯಿಯ ಬಿಪಿ ಗುಳಿಗೆ ಸರ್ಕಾರಿ ದವಾಖಾನೆಯಿಂದ ಪುಕ್ಕಟೆ ಬರುತ್ತದೆ.

ಆ ಹದಿನೇಳು ರೂಪಾಯಿ ಪೂರ್ತಿ ಅವಳ ಕೈಗೆ ಬರುತ್ತದೆಯೇ ಎಂದರೆ ಅದೂ ಗಟ್ಟಿಯಿಲ್ಲ. ಬಡವರು ಕೊಳ್ಳುವುದು ಐದು ರೂಪಾಯಿಯ ಬಿಸ್ಕತ್ತು, ಎರಡು ರೂಪಾಯಿಯ ಶಾಂಪೂ ಚೀಟಿ. ಐದು ರೂಪಾಯಿಯದರಲ್ಲಿ ಐವತ್ತು ಪೈಸೆ ಇಳಿದರೆ ಆ ಚಿಲ್ಲರೆಯನ್ನು ನಾನು ಎಲ್ಲಿಂದ ತರಲಿ? ಕಂಪನಿಗಳು ದರ ಹಾಗೇ ಇಟ್ಟು ಒಂದೆರಡು ಗ್ರಾಂ ಹೆಚ್ಚು ತುಂಬಿದರೆ ಸರಿಹೋಯಿತು. ಗ್ರಾಂ ಲೆಕ್ಕದ ಲಾಭ ಉದ್ರಿ ವಹಿಯಲ್ಲಿ ಕಾಣುವುದಿಲ್ಲ.

ಇದಕ್ಕೆದುರಾಗಿ 200 ರೂಪಾಯಿಯ ಒಂದು ಏರಿಕೆ ಇಟ್ಟು ನೋಡಿ. 2021ರ ಜುಲೈ 28ರಂದು ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ದಿನವೇ ಈ ಮಾಸಾಶನವನ್ನು 600ರಿಂದ 800ಕ್ಕೆ ಏರಿಸಿದರು. ವೃದ್ಧರಿಗೆ ಕೊಡುವ ಸಂಧ್ಯಾ ಸುರಕ್ಷಾ ಮಾಸಾಶನ 1,000ದಿಂದ 1,200ಕ್ಕೆ, ವಿಧವಾ ವೇತನ 600ರಿಂದ 800ಕ್ಕೆ ಹೋಯಿತು. ಆಗ ಪಟ್ಟಣದವರು ನಕ್ಕಿದ್ದರು, 200 ರೂಪಾಯಿಗೆ ಇಬ್ಬರು ಗಿರಮಿಟ್ಟು ಮಿರ್ಚಿ ತಿಂದು ಚಹಾ ಕುಡಿದರೆ ಮುಗೀತು ಎಂದು. ನಾನು ನಗಲಿಲ್ಲ, ಆ ತಿಂಗಳುಗಳಲ್ಲಿ ಉದ್ರಿ ತೀರಿದ್ದನ್ನು ನಾನೇ ಕಂಡವನು. ತೆರಿಗೆ ಕಡಿತದಿಂದಲೇ ತಿಂಗಳಿಗೆ 200 ರೂಪಾಯಿ ಉಳಿಸಬೇಕೆಂದರೆ ಆ ಅಕ್ಕ ಸಾಬೂನು, ಶಾಂಪೂ, ಬಿಸ್ಕತ್ತಿಗೇ 1,800 ರೂಪಾಯಿ ಸುರಿಯಬೇಕು. ಅವಳ ಪಗಾರವೇ 800.

ಹಾಗಾದರೆ ಕಡಿತದ ಲಾಭ ಎಲ್ಲಿ ಹೋಯಿತು? ಒಂದು ಪಾಲು ನನ್ನ ಮನೆಗೇ ಬಂದಿದೆ. ನನಗೂ ಎಡಗಾಲಿಗೆ ಪೋಲಿಯೊ. ದರ ಇಳಿದ ಮೇಲೆ ಹೊಸ ಸ್ಕೂಟಿ ಕೊಂಡು ಎರಡೂ ಕಡೆ ಗಾಲಿ ಹಾಕಿಸಿದೆ. ದ್ವಿಚಕ್ರ ವಾಹನದ ತೆರಿಗೆ ಶೇ 28ರಿಂದ 18ಕ್ಕೆ ಬಂದದ್ದರಿಂದ ಏಳೂವರೆ ಸಾವಿರದಷ್ಟು ಉಳಿಯಿತು. ಆ ಅಕ್ಕನ ಒಂಬತ್ತು ತಿಂಗಳ ಪಗಾರಕ್ಕಿಂತ ಹೆಚ್ಚು. ಕಾರು ಕೊಂಡವರ ಸಂಗತಿ ಇನ್ನೂ ದೊಡ್ಡದು. ತೆರಿಗೆ ಬಿಟ್ಟು ಐದು ಲಕ್ಷದ ಸಣ್ಣ ಪೆಟ್ರೋಲ್ ಕಾರಿನ ಮೇಲೆ ಮೊದಲು ಸೆಸ್ ಸೇರಿ ಶೇ 29 ಬೀಳುತ್ತಿತ್ತು, ಈಗ 18. ಉಳಿತಾಯ 55 ಸಾವಿರ. 800ರ ಲೆಕ್ಕದಲ್ಲಿ ಅದು ಐದೂವರೆ ವರ್ಷದ ಮಾಸಾಶನಕ್ಕೂ ಮಿಕ್ಕಿದ್ದು. ಇಲ್ಲೊಂದು ತಮಾಷೆಯೂ ಇದೆ. ಕೈಕಾಲಿನ ಊನ ಇದ್ದವರು ಸಣ್ಣ ಕಾರು ಕೊಂಡರೆ ಮೊದಲೇ ಶೇ 18ರ ರಿಯಾಯಿತಿ ದರ ಇತ್ತು. ಈಗ ಎಲ್ಲರಿಗೂ 18. ಗಟ್ಟಿಮುಟ್ಟಾದವರಿಗೆ 55 ಸಾವಿರ ಉಳಿಯಿತು, ನಮ್ಮವರಿಗೆ ಅದರಲ್ಲಿ ಬಹುಪಾಲು ಹೊಸದೇನಲ್ಲ.

ಗಾಲಿಕುರ್ಚಿಯ ಮೇಲಂತೂ 2017ರಿಂದ ಶೇ 5 ಇದ್ದೇ ಇದೆ. ಸೊನ್ನೆ ಮಾಡಿದರೆ ಬಿಡಿಭಾಗಗಳಿಗೆ ಕಟ್ಟಿದ ತೆರಿಗೆ ತಯಾರಕರಿಗೆ ವಾಪಸ್ ಸಿಗುವುದಿಲ್ಲ, ಆಗ ಆಮದಾದ ಮಾಲೇ ಅಗ್ಗವಾಗುತ್ತದೆ ಎಂಬುದು ಕೇಂದ್ರದ ವಾದ. ವ್ಯಾಪಾರಿಯಾಗಿ ಆ ವಾದ ನನಗೆ ಅರ್ಥವಾಗುತ್ತದೆ. ನಿಪುಣ್ ಮಲ್ಹೋತ್ರಾ ಎಂಬ ಅಂಗವಿಕಲರ ಹಕ್ಕುಗಳ ಹೋರಾಟಗಾರರು ಅದನ್ನೊಪ್ಪದೆ ಸುಪ್ರೀಂ ಕೋರ್ಟಿಗೆ ಹೋದರು. ನಮ್ಮ ಕಡೆ ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಿ ಗಾಲಿಕುರ್ಚಿಯನ್ನು ರೊಕ್ಕ ಕೊಟ್ಟು ಕೊಳ್ಳುವವರು ಎಷ್ಟು ಮಂದಿ? ಶಿಬಿರದಲ್ಲಿ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಕೊಳ್ಳಲಾರದವರಿಗೆ ಯಾವ ತೆರಿಗೆ ಇಳಿದರೂ ಒಂದೇ.

ಕಡಿತದ ಪರವಾಗಿ ಹೇಳಬೇಕಾದ ಒಂದು ಮಾತು ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅದಕ್ಕೆ ಅರ್ಜಿ ಬೇಕಿಲ್ಲ. ಮಾಸಾಶನಕ್ಕೆ ಅಂಗವೈಕಲ್ಯದ ಕಾರ್ಡು, ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆ, ಬ್ಯಾಂಕ್ ಖಾತೆ, ನಾಡಕಚೇರಿ ಎಲ್ಲ ಆಗಬೇಕು. ಲಕ್ಷ್ಮೇಶ್ವರ ಶಿರಹಟ್ಟಿಯಿಂದ ಬೇರ್ಪಟ್ಟು ತಾಲ್ಲೂಕಾದ ಮೇಲೆ ನಮಗೆ ಓಡಾಟ ಸ್ವಲ್ಪ ತಗ್ಗಿದೆ. ಆದರೂ ವೈದ್ಯರ ಮುಂದೆ ಕೂರಲು ಜಿಲ್ಲಾ ಕೇಂದ್ರಕ್ಕೇ ಹೋಗಬೇಕು. ಅಂಗವಿಕಲರಿಗೆ ವರ್ಷಕ್ಕೆ 660 ರೂಪಾಯಿಯ ಬಸ್ ಪಾಸು ಇದೆ, ಊರಿನಿಂದ ನೂರು ಕಿಲೋಮೀಟರ್‌ವರೆಗೆ ನಡೆಯುತ್ತದೆ. ವಾಯವ್ಯ ಸಾರಿಗೆಯ ಆ ಪಾಸು ಒಳ್ಳೆಯ ಅನುಕೂಲ. ಆದರೆ ಮುಂಡರಗಿ ಆಚೆಯ ಹಳ್ಳಿಯಿಂದ ಮಗನನ್ನು ಹೊತ್ತುಕೊಂಡು ಗದಗಿಗೆ ಬರುವ ತಂದೆ ತನ್ನ ಟಿಕೆಟ್ಟಿಗೆ ದುಡ್ಡು ಕೊಡಬೇಕು, ಆ ದಿನದ ಕೂಲಿ ಬಿಡಬೇಕು. ಉದ್ಯೋಗ ಖಾತ್ರಿಯ 2025–26ರ ದಿನಗೂಲಿಯೇ 370 ಇತ್ತು. ‘ಡಾಕ್ಟ್ರು ಇವತ್ತ ಬಂದಿಲ್ಲ, ಮುಂದಿನ ವಾರ ಬರ್ರಿ’ ಅಂದರೆ ಒಂದು ತಿಂಗಳ ಪಗಾರದ ಅರ್ಧದಷ್ಟು ಹೋದಂತೆಯೇ. ಈ ತೊಡಕನ್ನು ಬಿಡಿಸುವುದು ಸರ್ಕಾರದ ಕೆಲಸ. ಕೊಡುವ ದಾರಿ ಕೆಟ್ಟಿದೆ ಎಂದು ಕೊಡುವುದನ್ನೇ ಕಿರಿದು ಮಾಡುವುದು ಯಾವ ನ್ಯಾಯ?

ಇನ್ನು ಕೇಂದ್ರದ ಪಾಲು ಕೇಳಿ. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ಯೋಜನೆ 2009ರಲ್ಲಿ 200 ರೂಪಾಯಿಗೆ ಶುರುವಾಯಿತು. 2012ರಲ್ಲಿ 300 ಆಯಿತು. ಅಲ್ಲಿಗೇ ನಿಂತಿದೆ. ಅದೂ ಬಡತನ ರೇಖೆಗಿಂತ ಕೆಳಗಿದ್ದು, ಅಂಗವೈಕಲ್ಯ ಶೇ 80 ದಾಟಿದವರಿಗೆ ಮಾತ್ರ. 2012ರಿಂದ ಇಲ್ಲಿಯವರೆಗೆ ದರವೋ ತೂಕವೋ ಬದಲಾಗದ ಒಂದೇ ಒಂದು ಸಾಮಾನು ನನ್ನ ಅಂಗಡಿಯಲ್ಲಿ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಇದೇ ಕೇಂದ್ರ ಸರ್ಕಾರ ಕಚ್ಚಾ ಖಾದ್ಯತೈಲದ ಆಮದು ಸುಂಕವನ್ನು ಸುಮಾರು ಶೇ 5.5ರಿಂದ 27.5ಕ್ಕೆ ಏರಿಸಿದಾಗ ಎಣ್ಣೆ ಡಬ್ಬಿಯ ದರ ರಾತ್ರೋರಾತ್ರಿ ಜಿಗಿಯಿತು. ಸೂರ್ಯಕಾಂತಿ, ಶೇಂಗಾ ಬೆಳೆಯುವ ನಮ್ಮ ರೈತರಿಗೆ ಅದು ಬೇಕಿತ್ತು ಅನ್ನಿ, ನಾನು ತಕರಾರು ತೆಗೆಯುವುದಿಲ್ಲ. ಮುಂದಿನ ಮೇ ತಿಂಗಳಲ್ಲಿ ಒಂದಿಷ್ಟು ಇಳಿಸಿದ್ದೂ ಉಂಟು. ಆದರೆ ಸುಂಕ ಏರಿದ ದಿನ 300 ರೂಪಾಯಿಯನ್ನು 310 ಮಾಡೋಣ ಎಂದು ಯಾರಿಗೂ ಹೊಳೆಯಲಿಲ್ಲ.

ಜಿಎಸ್‌ಟಿ ಇಳಿಕೆಯಿಂದ ವರ್ಷಕ್ಕೆ 48 ಸಾವಿರ ಕೋಟಿ ರೂಪಾಯಿ ವರಮಾನ ತಗ್ಗಬಹುದೆಂದು ಕೇಂದ್ರವೇ ಅಂದಾಜು ಮಾಡಿತ್ತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವಿಕಲರು 2.68 ಕೋಟಿ. ಭಾಗಿಸಿ ನೋಡಿ: ಅಷ್ಟೂ ಜನರಿಗೆ, ಬಡವ ಬಲ್ಲಿದ ಎಣಿಸದೆ, ತಿಂಗಳಿಗೆ ಸುಮಾರು 1,500 ರೂಪಾಯಿ ಹಂಚಬಹುದಾದ ಮೊತ್ತ ಅದು. ಕಡಿತ ಬೇಡವಿತ್ತು ಎನ್ನುತ್ತಿಲ್ಲ. ರೊಕ್ಕ ಇಲ್ಲ ಎಂಬ ಮಾತನ್ನು ಮಾತ್ರ ಇನ್ನು ಒಪ್ಪಲಾರೆ. ಪಕ್ಕದ ಆಂಧ್ರಪ್ರದೇಶ 2024ರ ಜುಲೈನಿಂದ ಅಂಗವಿಕಲರಿಗೆ ತಿಂಗಳಿಗೆ 6,000 ರೂಪಾಯಿ ಕೊಡುತ್ತಿದೆ, ಅದೂ ಮನೆ ಬಾಗಿಲಿಗೆ ಒಯ್ದು. ಬಳ್ಳಾರಿ ದಾಟಿ ಅನಂತಪುರದ ಕಡೆ ಹೋದರೆ ಅದೇ ಊನಕ್ಕೆ ಏಳೂವರೆ ಪಟ್ಟು ಬೆಲೆ.

ನಮ್ಮ ಜಿಲ್ಲೆಯವರಿಗೆ ಕರುಣೆ ಕಮ್ಮಿ ಎಂದು ಯಾರೂ ಅನ್ನಲಾರರು. ಗದಗಿನ ವೀರೇಶ್ವರ ಪುಣ್ಯಾಶ್ರಮ ಕಣ್ಣಿಲ್ಲದ ಮಕ್ಕಳಿಗೆ ಅನ್ನ, ವಿದ್ಯೆ, ಸಂಗೀತ ಕೊಟ್ಟು ಬೆಳೆಸಿದ್ದು ಜನರ ಕಾಣಿಕೆಯಿಂದ. ಪಂಡಿತ ಪುಟ್ಟರಾಜ ಗವಾಯಿಗಳ ತುಲಾಭಾರಕ್ಕೆ ಊರೂರಿನವರು ಚೀಲಗಟ್ಟಲೆ ಧಾನ್ಯ, ನಾಣ್ಯ ತಂದು ಸುರಿದರು. ಅದು ಭಕ್ತಿ. ಅಲ್ಲಿ ಕಲಿತು ಹೊರಬಂದು, ಇವತ್ತು ಯಾವುದೋ ಹಳ್ಳಿಯ ಗುಡಿಯಲ್ಲಿ ಹಾರ್ಮೋನಿಯಂ ಬಾರಿಸುವವರ ತಿಂಗಳ ಖರ್ಚಿನ ಪ್ರಶ್ನೆ ಬಂದಾಗ ಬೇಕಾಗುವುದು ಕಾನೂನು.

ಕಾನೂನು ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಸ್ಪಷ್ಟವಾಗಿದೆ: ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಅಂಗವಿಕಲರಿಗೆ ಕೊಡುವ ನೆರವು, ಬೇರೆಯವರಿಗಿರುವ ಅಂಥದ್ದೇ ಯೋಜನೆಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು. ಕರ್ನಾಟಕದಲ್ಲಿ ಸಂಧ್ಯಾ ಸುರಕ್ಷಾ 1,200. ಅದರ ಮೇಲೆ ಕಾಲು ಭಾಗ ಸೇರಿಸಿದರೆ 1,500. ಅಂಗವಿಕಲರಿಗೆ ಸಿಗುತ್ತಿರುವುದು 800. ಶೇ 75 ದಾಟಿದವರಿಗೂ 1,400, ಅಲ್ಲಿಯೂ ನೂರು ಕಮ್ಮಿ. ಸಂಧ್ಯಾ ಸುರಕ್ಷಾ ಬೇರೆ ಜಾತಿಯ ಯೋಜನೆ, ಅದಕ್ಕೆ ಹೋಲಿಸಬೇಡಿ ಎಂದು ವಾದಿಸುವವರಿದ್ದರೆ ವಿಧವಾ ವೇತನವನ್ನೇ ತೆಗೆದುಕೊಳ್ಳಿ: 800ರ ಮೇಲೆ ಕಾಲು ಭಾಗ, 1,000. ಯಾವ ಕಡೆಯಿಂದ ಲೆಕ್ಕ ಹಾಕಿದರೂ 800 ಎಂಬ ಉತ್ತರ ಬರುವುದಿಲ್ಲ. ರಾಜ್ಯದ ಕಾನೂನು ಸಚಿವ ಎಚ್.ಕೆ. ಪಾಟೀಲರು ಗದಗಿನ ಶಾಸಕರೇ. 2021ರಲ್ಲಿ 200 ರೂಪಾಯಿ ಏರಿಸಿದ ಬೊಮ್ಮಾಯಿಯವರು ಈಗ ಹಾವೇರಿ ಕ್ಷೇತ್ರದ ಸಂಸದರು. ಗದಗ, ಶಿರಹಟ್ಟಿ ಎರಡೂ ಆ ಕ್ಷೇತ್ರದೊಳಗೇ ಬರುತ್ತವೆ. ಒಬ್ಬರು ಬೆಂಗಳೂರಿನಲ್ಲಿ 24ನೇ ಸೆಕ್ಷನ್ ತೆಗೆದು ಓದಲಿ, ಇನ್ನೊಬ್ಬರು ದಿಲ್ಲಿಯಲ್ಲಿ 300 ರೂಪಾಯಿಯ ಮಾತೆತ್ತಲಿ. ಪಕ್ಷ ಬೇರೆಯಾದರೂ ಮತದಾರರು ಬಹುಪಾಲು ಅವರೇ.

ಒಂದು ಸಲ ಏರಿಸಿ ಕೈ ತೊಳೆದುಕೊಂಡರೂ ಆಗದು. ಸರ್ಕಾರಿ ನೌಕರರ ತುಟ್ಟಿಭತ್ಯೆ ಜನವರಿಗೊಮ್ಮೆ, ಜುಲೈಗೊಮ್ಮೆ ಬೆಲೆ ಸೂಚ್ಯಂಕ ನೋಡಿ ಪರಿಷ್ಕರಣೆ ಆಗುತ್ತದೆ. ಅದಕ್ಕೆ ಯಾವ ಮುಖ್ಯಮಂತ್ರಿಯ ಪ್ರಮಾಣವಚನದ ದಿನವೂ ಬರಬೇಕಿಲ್ಲ. ಬ್ರಿಟನ್ನಿನಲ್ಲಿ ಅಂಗವಿಕಲರ ಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಹಿಂದಿನ ಸೆಪ್ಟೆಂಬರಿನ ಬೆಲೆಯೇರಿಕೆಯಷ್ಟು ಏರುತ್ತದೆ. 2025ರಲ್ಲಿ ಏರಿದ್ದು ಶೇ 1.7 ಮಾತ್ರ. ಚಿಕ್ಕದೇ, ಆದರೆ ಯಾರ ಕೃಪೆಯೂ ಅಲ್ಲ. 800 ರೂಪಾಯಿಗೆ ಶೇ 5 ಏರಿದರೆ ನಲವತ್ತು ರೂಪಾಯಿ; ಆ ನಲವತ್ತೂ ಹದಿನೇಳಕ್ಕಿಂತ ದೊಡ್ಡದು, ಮುಂದಿನ ವರ್ಷ ಅದರ ಮೇಲೆ ಮತ್ತೊಂದು ಬೀಳುತ್ತದೆ. ಆ ರೊಕ್ಕ ಷೇರು ಪೇಟೆಗೂ ಹೋಗುವುದಿಲ್ಲ, ಪರವೂರಿನ ಶೋರೂಮಿಗೂ ಹೋಗುವುದಿಲ್ಲ. ಪಗಾರ ಜಮಾ ಆದ ವಾರದೊಳಗೆ ಇದೇ ಬಜಾರದಲ್ಲಿ ಬ್ಯಾಳಿಯಾಗಿ ಎಣ್ಣೆಯಾಗಿ ಮನೆ ಸೇರುತ್ತದೆ, ಎಣ್ಣೆಯ ಮೇಲಿನ ಶೇ 5 ಸರ್ಕಾರಕ್ಕೇ ಮರಳುತ್ತದೆ. ಸ್ವಾರ್ಥ ಎನ್ನುವುದಾದರೆ ಅನ್ನಿ, ಅಂಗಡಿಕಾರನಿಗೆ ಇದಕ್ಕಿಂತ ಗಟ್ಟಿ ವ್ಯಾಪಾರ ಇಲ್ಲ.

ಮೊತ್ತ ತಿದ್ದುವ ದಿನವೇ ಆದಾಯ ಮಿತಿಯನ್ನೂ ತಿದ್ದಬೇಕು. ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ಮೀರಿದರೆ ಈ ಮಾಸಾಶನ ಇಲ್ಲ. ನನ್ನಂಥ ಅಂಗಡಿಯವನನ್ನು ಹೊರಗಿಟ್ಟರೆ ಇಡಲಿ, ನನಗೆ ಬೇಕಿಲ್ಲ. ಆದರೆ ಹಪ್ಪಳ ಮಾಡಿಯೋ, ಬೆಟಗೇರಿಯ ಮಗ್ಗದ ಮನೆಯಲ್ಲಿ ನೂಲು ಸುತ್ತಿಯೋ ತಿಂಗಳಿಗೆ ಮೂರು ಸಾವಿರ ದುಡಿಯುವ ಅಂಗವಿಕಲ ಹೆಣ್ಣುಮಗಳು ಆ ಮಾತನ್ನು ಇದ್ದದ್ದು ಇದ್ದಂತೆ ಅರ್ಜಿಯಲ್ಲಿ ಬರೆಸಿದರೆ ವರ್ಷಕ್ಕೆ 36,000 ಆಗುತ್ತದೆ, 800 ರೂಪಾಯಿಯೂ ಹೋಗುತ್ತದೆ.