ಏಕಾದಶಿ ಎರಡು ದಿನ ಬಂದರೆ ಪಂಚಾಂಗ ತಪ್ಪೇ?

‘ಕ್ಯಾಲೆಂಡರ್‌ನಲ್ಲಿರುವ ಏಕಾದಶಿ ತಪ್ಪು, ನಿಜವಾದದ್ದು ನಾಳೆ’ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ತಪ್ಪು ಯಾರದ್ದೂ ಅಲ್ಲ. ಚಂದ್ರ ಸೂರ್ಯನಿಗಿಂತ 12 ಡಿಗ್ರಿ ಮುಂದೆ ಸಾಗಿದರೆ ಒಂದು ತಿಥಿ. ಚಂದ್ರನ ವೇಗ ಒಂದೇ ಸಮನಿಲ್ಲ. ಹಾಗಾಗಿ ತಿಥಿ ಸುಮಾರು 19ರಿಂದ 26 ಗಂಟೆ ಇರುತ್ತದೆ, ಯಾವ ಹೊತ್ತಿಗಾದರೂ ಶುರುವಾಗುತ್ತದೆ. ಸ್ಮಾರ್ತರು ಸಾಮಾನ್ಯವಾಗಿ ಸೂರ್ಯೋದಯದ ತಿಥಿ ನೋಡುತ್ತಾರೆ. ವೈಷ್ಣವರಿಗೆ ಅದಕ್ಕೂ 96 ನಿಮಿಷ ಮೊದಲೇ, ಅರುಣೋದಯದೊಳಗೆ, ದಶಮಿ ಮುಗಿದಿರಬೇಕು. ಇಲ್ಲದಿದ್ದರೆ ಉಪವಾಸ ಮರುದಿನ. ಅಮೆರಿಕದಲ್ಲಿರುವ ಮಗಳಿಗೆ ಬೆಂಗಳೂರಿನ ಕ್ಯಾಲೆಂಡರ್ ಫೋಟೊ ಕಳಿಸಿದರೂ ಗೊಂದಲವೇ, ಅಲ್ಲಿನ ಸೂರ್ಯೋದಯ ಬೇರೆ.

ಕಷ್ಟ ಬರುವುದು ‘ಯಾವುದಕ್ಕೂ ಇರಲಿ’ ಎಂದು ಎರಡೂ ದಿನ ಊಟ ಬಿಡುವ ಹಿರಿಯರಿಗೆ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ನಿಮ್ಮ ಮನೆಯ ಸಂಪ್ರದಾಯದ ಪಂಚಾಂಗ ನೋಡಿ ವರ್ಷದ ಉಪವಾಸದ ದಿನಗಳನ್ನು ಮೊದಲೇ ಗುರುತು ಹಾಕಿಕೊಳ್ಳಿ, ಆ ಪಟ್ಟಿಯನ್ನು ವೈದ್ಯರಿಗೂ ತೋರಿಸಿ.