ಸೂರಿಲ್ಲದ ಬೋಗಿ, ಸೋಫಾ ಹಾಕಿದ ಕೋಣೆ

ಫ್ರಾನ್ಸಿನಲ್ಲಿ ರೈಲು ಇನ್ನೂ ಹೊಸದಾಗಿದ್ದ ಕಾಲಕ್ಕೆ ಮೂರನೇ ದರ್ಜೆಯ ಕೆಲವು ಬೋಗಿಗಳಿಗೆ ಸೂರೇ ಇರುತ್ತಿರಲಿಲ್ಲ. ಹೊದಿಸಲು ಕಂಪನಿಗಳ ಬಳಿ ದುಡ್ಡಿರಲಿಲ್ಲವೇ? ಎಂಜಿನಿಯರೂ ಅರ್ಥಶಾಸ್ತ್ರಜ್ಞನೂ ಆಗಿದ್ದ ಜೂಲ್ ದ್ಯುಪ್ವಿ 1849ರಲ್ಲೇ ಉತ್ತರ ಹೇಳಿದ್ದ: ಬಡವನನ್ನು ನೆನೆಸುವುದು ಅವರ ಉದ್ದೇಶವಲ್ಲ, ಎರಡನೇ ದರ್ಜೆಗೆ ದುಡ್ಡು ಕೊಡಬಲ್ಲವನು ಮೂರನೆಯದಕ್ಕೆ ಇಳಿಯದಂತೆ ಹೆದರಿಸುವುದು. ಏಟು ಒಬ್ಬನಿಗೆ, ಎಚ್ಚರಿಕೆ ಇನ್ನೊಬ್ಬನಿಗೆ.

ದೂರದ ವಿಮಾನದ ಎಕಾನಮಿಯಲ್ಲಿ ಮಂಡಿ ಮಡಚಿ ಕೂತವರಿಗೆ ದ್ಯುಪ್ವಿ ಥಟ್ಟನೆ ಅರ್ಥವಾಗುತ್ತಾನೆ. ಸೀಟಿನಿಂದ ಸೀಟಿಗೆ ಸುಮಾರು 31 ಇಂಚು. ಪರದೆಯಾಚೆಯ ಪ್ರೀಮಿಯಂ ಎಕಾನಮಿಯಲ್ಲಿ 38ರ ಆಸುಪಾಸು. 1990ರ ದಶಕದ ಆರಂಭದಲ್ಲಿ ತೈವಾನಿನ ಇವಿಎ, ಬ್ರಿಟನ್ನಿನ ವರ್ಜಿನ್ ಅಟ್ಲಾಂಟಿಕ್ ಶುರುಮಾಡಿದ ಈ ನಡುವಿನ ದರ್ಜೆ ಇಂದು ನಡುವಯಸ್ಸಿನ ಬೆನ್ನುಗಳ ಆಸರೆ. ಕೆಲವು ಕಂಪನಿಗಳು ಹಾರಾಟಕ್ಕೆ ಕೆಲದಿನ ಮುಂಚೆ ಖಾಲಿ ಉಳಿದ ಸೀಟುಗಳನ್ನು ಹರಾಜಿಗಿಡುತ್ತವೆ. ಕೂಗುವ ಬೆಲೆಯನ್ನು ಮನೆಯಲ್ಲೇ ನಿರ್ಧರಿಸಿಕೊಂಡರೆ ಅಗ್ಗಕ್ಕೆ ಸಿಕ್ಕೀತು. ಆದರೆ ಆ ಟಿಕೆಟ್ಟಿಗೆ ಸಾಮಾನ್ಯವಾಗಿ ವಿಮಾನ ನಿಲ್ದಾಣದ ಲೌಂಜ್ ಸೇರಿರುವುದಿಲ್ಲ.

ಲೌಂಜಿನ ಕಥೆಯೇ ಬೇರೆ. ಅಮೆರಿಕನ್ ಏರ್‌ಲೈನ್ಸ್ 1939ರಲ್ಲಿ ನ್ಯೂಯಾರ್ಕಿನ ಲಗಾರ್ಡಿಯಾದಲ್ಲಿ ಅಡ್ಮಿರಲ್ಸ್ ಕ್ಲಬ್ ತೆರೆದಾಗ ಒಳಗೆ ಹೋಗಲು ಕಂಪನಿಯ ಕರೆ ಬೇಕಿತ್ತು. ಈಗ ನಮ್ಮಲ್ಲಿ ಕೆಲವು ರುಪೇ ಕಾರ್ಡು ಉಜ್ಜಿ ಎರಡು ರೂಪಾಯಿ ಕಟ್ಟಿದರೆ ಬಾಗಿಲು ತೆರೆಯುತ್ತದೆ, ಹೊರಗೆ ಸಾಲು ಬೆಳೆಯುತ್ತದೆ. ಉಳಿದದ್ದನ್ನು ತಲೆಗಿಷ್ಟು ಎಂದು ತೆರುವುದು ಕಾರ್ಡಿನವರು. ಅದಕ್ಕೇ ಹಲವು ಬ್ಯಾಂಕುಗಳು ‘ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಸಾವಿರ ಖರ್ಚು ಮಾಡಿರಬೇಕು’ ಎಂಬ ಷರತ್ತು ಹಾಕಿವೆ. ಪುಕ್ಕಟೆ ಉಪ್ಪಿಟ್ಟಿಗಾಗಿ ಬೇಡದ ಫ್ರಿಜ್ ಕೊಂಡಂತಾಗಬಾರದು, ಅಷ್ಟೇ.

ನನ್ನ ಮಟ್ಟಿಗೆ, ಹೊರಡುವ ಊರಿನ ಲೌಂಜಿಗೆ ಬೆಲೆಯೇ ಇಲ್ಲ. ಮನೆಯಲ್ಲಿ ಉಂಡು ಬಂದವರಿಗೆ ಅಲ್ಲೇನು ಕೆಲಸ? ಅದರ ಅಗತ್ಯ ಬೀಳುವುದು ನಡುದಾರಿಯಲ್ಲಿ, ಅಪರಾತ್ರಿ, ಇನ್ನೊಂದು ವಿಮಾನಕ್ಕೆ ಐದಾರು ತಾಸು ಕಾಯುವಾಗ. ಮಗಳ ಬಾಣಂತನಕ್ಕೆಂದು ಬೆಂಗಳೂರಿನಿಂದ ಅಮೆರಿಕಕ್ಕೆ ಹೊರಟ ಅಪ್ಪ-ಅಮ್ಮಂದಿರನ್ನು ನೆನೆಯಿರಿ. ಗೇಟು ಹುಡುಕುವ ಭಯಕ್ಕೆ, ಕಾಲು ಗಟ್ಟಿಯಿದ್ದರೂ ಮಕ್ಕಳು ಅವರಿಗೆ ಗಾಲಿಕುರ್ಚಿ ಬುಕ್ ಮಾಡಿಬಿಡುತ್ತಾರೆ. ನಿಜಕ್ಕೂ ನಡೆಯಲಾಗದವರು ಸರದಿಗಾಗಿ ಕಾಯುತ್ತಾರೆ. ಅದರ ಬದಲು ಓಡಬೇಕಿಲ್ಲದಷ್ಟು ಬಿಡುವಿರುವ ಟಿಕೆಟ್ಟು ತೆಗೆದು, ಸ್ನಾನದ ವ್ಯವಸ್ಥೆಯಿರುವ ಲೌಂಜಿಗೆ ದುಡ್ಡು ಕಟ್ಟಿ ಕೊಡಬಹುದಲ್ಲ? ಸಿಂಗಪುರದ ಚಾಂಗಿ, ದೋಹಾದ ಹಮದ್ ನಿಲ್ದಾಣಗಳಲ್ಲಾದರೆ ಒರಗಿ ಮಲಗುವ ಜಾಗ ಎಲ್ಲರಿಗೂ ಉಚಿತ. ಅಂಥಲ್ಲಿ ಲೌಂಜಿನ ಹಣವನ್ನು ಸೀಟಿಗೆ ಹಾಕುವುದೇ ಜಾಣತನ.

ಯಾವ ಸೀಟು? ಕಾಲು ಚಾಚಲು ತುರ್ತು ಬಾಗಿಲ ಸಾಲು ಒಳ್ಳೆಯದೆನ್ನುತ್ತಾರೆ. ಅವಘಡವಾದರೆ ಜನ ತಪ್ಪಿಸಿಕೊಳ್ಳಲೆಂದು ನಿಯಮ ಬಿಡಿಸಿದ ಜಾಗ ಅದು. ಅದನ್ನೂ ಕಂಪನಿಗಳು ಸುಖವೆಂದು ಮಾರುತ್ತಿವೆ. ಬಾಗಿಲು ತೆರೆಯಬಲ್ಲವರಿಗೇ ಅಲ್ಲಿ ಜಾಗ, ಗಾಲಿಕುರ್ಚಿ ಕೇಳಿದ ಅಮ್ಮನಿಗಂತೂ ಸಿಗುವುದಿಲ್ಲ. ಅವರಿಗೆ ಶೌಚಾಲಯಕ್ಕೆ ತುಸು ಹತ್ತಿರದ ಐಲ್ ಸೀಟು ಸಾಕು. ಅದನ್ನು ಟಿಕೆಟ್ ತೆಗೆಯುವಾಗಲೇ ಆರಿಸಿಬಿಡಿ.