ಪರದೆ ಕೊಟ್ಟೆವು, ಪಾಠ ಕೊಡಲಿಲ್ಲ

2024ರ ಏಪ್ರಿಲ್ 8ರ ಬೆಳಿಗ್ಗೆ ಅಮ್ಮ ಊರಿನಿಂದ ಫೋನ್ ಮಾಡಿದರು. ಅವರಿಗೆ ಆಗಲೇ ಸಂಜೆ. ಮಾರನೆಯ ದಿನ ಯುಗಾದಿ. ಬೇವು-ಬೆಲ್ಲ, ಮಾವಿನೆಲೆ ಹೊಂದಿಸಿಕೊಳ್ಳುವ ಗಡಿಬಿಡಿಯ ನಡುವೆಯೂ ಅವರ ತಲೆಯಲ್ಲಿದ್ದದ್ದು ನಮ್ಮೂರಿನ ಸೂರ್ಯಗ್ರಹಣ. "ಇಲ್ಲಿ ಕಾಣಲ್ಲ, ಸರಿ. ನಿಮಗೆ ಅಲ್ಲಿ ಪೂರ್ತಿ ಹಿಡಿಯುತ್ತಂತಲ್ಲ, ಮಗೂನ ಹೊರಗೆ ಬಿಡಬೇಡ ಕಣೋ" ಅಂದರು.

ಟೆಕ್ಸಾಸಿನ ಆಸ್ಟಿನ್ ನಗರದ ಉತ್ತರಕ್ಕಿರುವ ನಮ್ಮ ಲಿಯಾಂಡರ್ ಅಂದು ಪೂರ್ಣಗ್ರಹಣದ ಹಾದಿಯಲ್ಲೇ ಇತ್ತು. ಮೋಡ ಕವಿದಿತ್ತು. ಆದರೂ ಮಧ್ಯಾಹ್ನ ಒಂದೂವರೆ ದಾಟುತ್ತಿದ್ದಂತೆ ಹಿತ್ತಲು ಕತ್ತಲಾಯಿತು. ಬೀದಿ ದೀಪಗಳು ಹೊತ್ತಿಕೊಂಡವು. ಗ್ರ್ಯಾಕಲ್ ಹಕ್ಕಿಗಳು ಗಲಾಟೆ ಮಾಡುತ್ತ ಓಕ್ ಮರಕ್ಕೆ ಮರಳಿದವು. ಅಮ್ಮನ ಮಾತು ಮೀರಿ ಹೊರಗೆ ನಿಂತಿದ್ದ ನನ್ನ ಮಗಳು ಕುಣಿದಾಡಿದಳು. ಬೆಳಕು ಮರಳಿದ ಮೇಲೆ, "ಅಜ್ಜಿಗೆ ಇದು ಏನು ಅಂತ ತೋರಿಸೋಣ ಅಪ್ಪ, ಕನ್ನಡದ ವಿಡಿಯೊ ಹುಡುಕು" ಅಂದಳು.

ಹುಡುಕಿದೆ. ಇಂಗ್ಲಿಷಿನಲ್ಲಿ ನಾಸಾದವರ ಚಿತ್ರ, ನಕ್ಷೆ, ಮಕ್ಕಳ ಆಟ, ರಟ್ಟಿನಲ್ಲಿ ಮಾಡುವ ಪಿನ್‌ಹೋಲ್ ಕ್ಯಾಮೆರಾ ಎಲ್ಲ ಮೊದಲ ಪುಟದಲ್ಲೇ ಸಿಕ್ಕವು. ಕನ್ನಡದಲ್ಲಿ 'ಸೂರ್ಯಗ್ರಹಣ' ಎಂದು ಟೈಪಿಸಿದರೆ ಬಂದದ್ದು ಯಾವ ರಾಶಿಗೆ ಕಂಟಕ, ಯಾವ ರಾಶಿಗೆ ರಾಜಯೋಗ, ಊಟ ಎಷ್ಟು ಗಂಟೆಯೊಳಗೆ ಮುಗಿಸಬೇಕು, ದರ್ಭೆ ಎಲ್ಲೆಲ್ಲಿ ಇಡಬೇಕು ಎಂಬ ಪಟ್ಟಿ. ಒಳ್ಳೆಯವು ಇರಲಿಲ್ಲವೆಂದಲ್ಲ. ಕೆಳಗಿದ್ದವು, ಬಹಳ ಕೆಳಗೆ.

ಇದು ನಕ್ಕು ಮರೆಯುವ ಸಂಗತಿಯಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. 2019ರ ಡಿಸೆಂಬರ್ 26ರಂದು ಮಂಗಳೂರು, ಕಾಸರಗೋಡು, ಕೊಡಗಿನ ಆಕಾಶದಲ್ಲಿ ಕಂಕಣ ಗ್ರಹಣ ಕಂಡಿತು. ಅದೇ ಬೆಳಿಗ್ಗೆ ಕಲಬುರಗಿ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು, ಗ್ರಹಣ ಕಾಲದಲ್ಲಿ ಹಾಗೆ ಮಾಡಿದರೆ ಗುಣವಾಗುತ್ತದೆಂಬ ನಂಬಿಕೆಯಿಂದ. ಪತ್ರಿಕೆಗಳಲ್ಲಿ ಫೋಟೊ ಬಂತು. ಆ ತಂದೆತಾಯಿ ಕ್ರೂರಿಗಳಲ್ಲ, ಮಕ್ಕಳು ಎದ್ದು ನಡೆಯಲಿ ಎಂದು ಹಂಬಲಿಸಿದವರು. ಹಳ್ಳಿಹಳ್ಳಿಯಲ್ಲೂ ಸ್ಮಾರ್ಟ್‌ಫೋನ್ ಬಂದಿದ್ದ ಕಾಲ ಅದು. ಕೊರತೆ ಇದ್ದದ್ದು ಪರದೆಯದಲ್ಲ, ಪರದೆಯ ಮೇಲೆ ಅವರ ಭಾಷೆಯಲ್ಲಿ ಬರಬೇಕಾಗಿದ್ದ ಮಾತಿನದು.

ಹೊರದೇಶದ ಕನ್ನಡಿಗರಾದ ನಾವು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಊರಿಗೆ ಏನು ಕಳಿಸಿದೆವು? ಪರದೆ. ಇನ್ನಷ್ಟು ಪರದೆ.

ಇದರಲ್ಲಿ ನನ್ನ ಪಾಲೂ ಇದೆ. ಕೆಲವು ವರ್ಷಗಳ ಹಿಂದೆ ನಾವು ಒಂದಷ್ಟು ಗೆಳೆಯರು ದುಡ್ಡು ಹಾಕಿ ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಟ್ಯಾಬ್ಲೆಟ್ಟುಗಳನ್ನೂ ಒಂದು ಪ್ರೊಜೆಕ್ಟರನ್ನೂ ಕೊಡಿಸಿದೆವು. ಲೆಕ್ಕ ಬರೆದವನು ನಾನೇ. ಬಿಲ್ಲು, ರಸೀದಿ, ಹಾರ, ಫೋಟೊ ಎಲ್ಲ ಸರಿಯಾಗಿತ್ತು. ಎರಡು ವರ್ಷದ ಮೇಲೆ ಊರಿಗೆ ಹೋದಾಗ ಶಾಲೆಗೂ ಹೋದೆ. ವಿಜ್ಞಾನದ ಮೇಷ್ಟ್ರು ಬೀರುವಿನ ಬೀಗ ತೆಗೆದು ತೋರಿಸಿದರು. ಟ್ಯಾಬ್ಲೆಟ್ಟುಗಳು ಡಬ್ಬಿಯಲ್ಲಿ ಅಚ್ಚುಕಟ್ಟಾಗಿ ಮಲಗಿದ್ದವು. "ಬೇಜಾರು ಮಾಡ್ಕೋಬೇಡಿ ಸಾರ್. ಯಂತ್ರ ಚೆನ್ನಾಗಿದೆ. ಒಳಗಿರೋ ಪಾಠದಲ್ಲಿ ಹಿಮ ಬೀಳುತ್ತೆ, ಎಲೆಯೆಲ್ಲ ಕೆಂಪಗಾಗಿ ಉದುರುತ್ತೆ. ನಮ್ಮ ಹುಡುಗರು ಇಬ್ಬನಿ ಬಿಟ್ಟು ಏನು ನೋಡಿದ್ದಾರೆ ಹೇಳಿ? ಕೆರೆ ಪಾಠ ಒಂದಿದ್ದರೆ ದಿನಾ ಹಚ್ಚುತ್ತಿದ್ದೆ" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಪಾಠಕ್ಕೆಂದು ನಾವು ಒಂದು ರೂಪಾಯಿಯನ್ನೂ ಎತ್ತಿಟ್ಟಿರಲಿಲ್ಲ.

ಬಿಕಾಂ ಮೊದಲ ವರ್ಷದಲ್ಲೇ ಹೇಳಿಕೊಡುವ ಪಾಠವೊಂದಿದೆ: ಬಂಡವಾಳ ವೆಚ್ಚ ಬೇರೆ, ನಡೆಸುವ ವೆಚ್ಚ ಬೇರೆ. ಬಸ್ಸು ಕೊಳ್ಳುವುದು ಮೊದಲನೆಯದು, ಡೀಸೆಲ್ಲು ಮತ್ತು ಡ್ರೈವರನ ಸಂಬಳ ಎರಡನೆಯದು. ದಾನಿಗಳಿಗೆ ಮೊದಲನೆಯದರ ಮೇಲೆ ಮೋಹ. ಬಸ್ಸಿನ ಮೇಲೆ ಹೆಸರು ಬರೆಸಬಹುದು, ಡೀಸೆಲ್ಲಿನ ಮೇಲೆ ಬರೆಸಲಾಗದು. ಕಾನೂನಿನ ಭಯವೂ ಸೇರಿಕೊಂಡಿದೆ. ವಿದೇಶಿ ದೇಣಿಗೆ ಪಡೆಯುವ ಸಂಸ್ಥೆಗಳ ಆಡಳಿತ ವೆಚ್ಚ ಶೇ. 20 ಮೀರುವಂತಿಲ್ಲ ಎಂದು 2020ರ ತಿದ್ದುಪಡಿ ಹೇಳಿದ ಮೇಲೆ, ಮನುಷ್ಯರಿಗೆ ಸಂಬಳ ಕೊಡುವುದೆಂದರೇ ಹಲವರಿಗೆ ಹಿಂಜರಿಕೆ. ವಸ್ತು ಕೊಂಡರೆ ಬಿಲ್ಲು ಸಿಗುತ್ತದೆ, ಕೆಲಸ ಮುಗಿಯುತ್ತದೆ.

ಆ ವಸ್ತುವಿನ ಗತಿ ನೋಡಿ. ಭಾರತದ ಆದಾಯ ತೆರಿಗೆ ನಿಯಮದಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ. 40 ಸವಕಳಿ. ಒಂದು ಲಕ್ಷದ ಯಂತ್ರ ಒಂದು ವರ್ಷಕ್ಕೆ 60,000, ಎರಡು ವರ್ಷಕ್ಕೆ 36,000, ಐದು ವರ್ಷ ಮುಗಿಯುವಾಗ 7,776 ರೂಪಾಯಿ. ಐದನೇ ತರಗತಿಗೆ ಸೇರಿದ ಹುಡುಗಿ ಎಸ್‌ಎಸ್‌ಎಲ್‌ಸಿಗೆ ಬರುವ ಮೊದಲೇ ನಮ್ಮ ದಾನ ಲೆಕ್ಕದ ಪುಸ್ತಕದಲ್ಲಿ ಹೆಚ್ಚುಕಡಿಮೆ ಸತ್ತಿರುತ್ತದೆ.

ಹಾಗಾದರೆ ಸವೆಯದ ಆಸ್ತಿ ಯಾವುದು? ಕನ್ನಡದಲ್ಲೇ ಉದಾಹರಣೆಗಳಿವೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 'ವಿಜ್ಞಾನ' ಎಂಬ ಪತ್ರಿಕೆಯನ್ನೇ ಹೊರಡಿಸಿದರು. ಶಿವರಾಮ ಕಾರಂತರು 1930ರ ದಶಕದಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ' ತಂದರು, ಮುಂದೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. 1978ರಲ್ಲಿ 'ಬಾಲ ವಿಜ್ಞಾನ' ಮಾಸಪತ್ರಿಕೆ ಶುರುವಾಯಿತು. ಇವರ ಕೈಯಲ್ಲಿ ನಮ್ಮಷ್ಟು ದುಡ್ಡಿರಲಿಲ್ಲ. ಅವರು ಹಾಕಿದ್ದೆಲ್ಲ ನಡೆಸುವ ವೆಚ್ಚ: ಬರೆಯುವುದು, ಚಿತ್ರ ಬಿಡಿಸುವುದು, ಹೊಸ ಪದ ಕಟ್ಟುವುದು. ಬಾಲ ಪ್ರಪಂಚದ ಹಳೆಯ ಪ್ರತಿ ಯಾರ ಮನೆಯ ಅಟ್ಟದಲ್ಲಿದ್ದರೂ ಇಂದಿಗೂ ತೆರೆದು ಓದಬಹುದು.

ಡಿಜಿಟಲ್ ಪಾಠಗಳಿಗೆ ಆ ಭಾಗ್ಯವಿಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಫ್ಲ್ಯಾಶ್ ತಂತ್ರಾಂಶದಲ್ಲಿ ಮಾಡಿದ ಪಾಠಗಳ ಕತೆ ನೋಡಿ. 2020ರ ಡಿಸೆಂಬರ್ 31ಕ್ಕೆ ಅಡೋಬಿ ಕಂಪನಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿತು, 2021ರ ಜನವರಿ 12ರಿಂದ ಅದು ಓಡದಂತೆಯೇ ಮಾಡಿತು. ಹೊಸ ರೂಪಕ್ಕೆ ಬದಲಿಸದ ಪಾಠಗಳಿಗೆಲ್ಲ ಅಂದೇ ತಿಥಿ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಟೈಪು ಮಾಡಿದ ಪಠ್ಯದ್ದು ಇನ್ನೊಂದು ಪಾಡು. ಕಣ್ಣಿಗೆ ಕನ್ನಡ, ಹುಡುಕುವ ಯಂತ್ರಕ್ಕೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ರಾಶಿಫಲದವರು ಯೂನಿಕೋಡಿನಲ್ಲಿ ದಿನಾ ಬರೆಯುತ್ತಾರೆ, ದಿನಾ ವಿಡಿಯೊ ಹಾಕುತ್ತಾರೆ. ಅವರದು ಮೇಲೆ ಬರುತ್ತದೆ. ಇದರಲ್ಲಿ ಪಿತೂರಿಯೇನಿಲ್ಲ, ದುಡಿಮೆ ಇದೆ.

ಸರ್ಕಾರ ಏನೂ ಮಾಡಿಲ್ಲವೆನ್ನುವುದು ಸುಳ್ಳು. 2017ರಲ್ಲಿ ಬಂದ ದೀಕ್ಷಾ ವೇದಿಕೆ ಇದೆ, ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಇದೆ, ಕೋವಿಡ್ ಕಾಲದಲ್ಲಿ ಚಂದನ ವಾಹಿನಿ ಮನೆಮನೆಗೆ ಪಾಠ ಮುಟ್ಟಿಸಿತು. ಆದರೆ ಸರ್ಕಾರದ ಪಾಠ ಪಠ್ಯಪುಸ್ತಕದ ಬೆನ್ನು ಹಿಡಿದು ಹೋಗುತ್ತದೆ, ಪಠ್ಯಪುಸ್ತಕ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ. ಗುರುತ್ವಾಕರ್ಷಣೆಗೆ ಅದು ಸಾಕು. ಪರಿಸರಕ್ಕೆ ಸಾಲದು. ನ್ಯೂಟನ್ನನ ನಿಯಮ ಲಿಯಾಂಡರಿಗೂ ಮಾಲೂರಿಗೂ ಒಂದೇ, ನೀರು ಒಂದೇ ಅಲ್ಲ.

ಕೋಲಾರದ ಆ ಮೇಷ್ಟ್ರು ಕೇಳಿದ ಕೆರೆ ಪಾಠವನ್ನೇ ತೆಗೆದುಕೊಳ್ಳಿ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್, ಅದು ಹೆಚ್ಚಾದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಅಲ್ಲಿನ ಕೆರೆಗಳಿಗೆ ಹರಿಯುತ್ತಿದೆ. ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೆಯ ಹಂತ ಬೇಕೇ ಎಂದು ಜಗಳ ನ್ಯಾಯಾಲಯದವರೆಗೆ ಹೋಯಿತು. ಹದಿಮೂರರ ಹುಡುಗನಿಗೆ ಇದಕ್ಕಿಂತ ಒಳ್ಳೆಯ ರಸಾಯನಶಾಸ್ತ್ರ, ಜೀವಶಾಸ್ತ್ರ, ಪೌರನೀತಿ ಇನ್ನೆಲ್ಲಿ ಸಿಕ್ಕೀತು? ಎರಡನೆಯ ಹಂತ ಎಂದರೇನು, ಮೂರನೆಯದರಲ್ಲಿ ಏನು ತೆಗೆಯುತ್ತಾರೆ ಎಂದು ಹದಿನೈದು ನಿಮಿಷದಲ್ಲಿ ತೋರಿಸುವ ಕನ್ನಡದ ಪಾಠವೊಂದು ಆ ಟ್ಯಾಬ್ಲೆಟ್ಟಿನಲ್ಲಿ ಇದ್ದಿದ್ದರೆ ಅದು ಬೀರು ಸೇರುತ್ತಿರಲಿಲ್ಲ. ದತ್ತಾಂಶಕ್ಕೂ ಬರವಿಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ನಿಲ್ಲಿಸಿದೆ. ನನ್ನ ಮಗಳು ಲಿಯಾಂಡರಿಗೆ ನೀರು ಕೊಡುವ ಟ್ರಾವಿಸ್ ಸರೋವರದ ಇಂದಿನ ಮಟ್ಟವನ್ನು ಪರದೆಯಲ್ಲಿ ನೋಡಿ ಗ್ರಾಫ್ ಎಳೆಯುತ್ತಾಳೆ. ಆ ಹುಡುಗ ತನ್ನ ಪಂಚಾಯಿತಿಯ ಮಳೆಯದ್ದನ್ನು ಏಕೆ ಎಳೆಯಬಾರದು?

ಸ್ಥಳೀಯ ಪಾಠಕ್ಕೆ ಎಂಥ ಶಕ್ತಿಯಿದೆ ಎಂದು ನಾನು ಕಲಿತದ್ದು ಇಲ್ಲಿಯ ಬಾವಲಿಗಳಿಂದ. 1980ರಲ್ಲಿ ಆಸ್ಟಿನ್ನಿನ ಕಾಂಗ್ರೆಸ್ ಅವೆನ್ಯೂ ಸೇತುವೆಯನ್ನು ಹೊಸದಾಗಿ ಕಟ್ಟಿದಾಗ ಅದರಡಿಯ ಸಂದುಗಳಿಗೆ ಬಾವಲಿಗಳು ಬಂದು ಸೇರಿದವು. ಊರು ಹೆದರಿತು, ರೇಬೀಸ್ ಎಂದಿತು, ಓಡಿಸಿ ಎಂದು ಕೂಗಿತು. ಮರ್ಲಿನ್ ಟಟಲ್ ಎಂಬ ಬಾವಲಿ ತಜ್ಞ 1986ರಲ್ಲಿ ತಮ್ಮ ಸಂಸ್ಥೆಯನ್ನೇ ಆಸ್ಟಿನ್ನಿಗೆ ತಂದು, ಇವು ರಾಶಿರಾಶಿ ಕೀಟ ತಿನ್ನುವ ಸಾಧು ಪ್ರಾಣಿಗಳೆಂದು ಜನರಿಗೆ ಚಿತ್ರ ಸಮೇತ ತಿಳಿಹೇಳುತ್ತ ಬಂದರು. ಇಂದು ಆ ಹದಿನೈದು ಲಕ್ಷ ಬಾವಲಿಗಳು ಮುಸ್ಸಂಜೆ ಹಾರುವುದನ್ನು ನೋಡಲು ಸೇತುವೆಯ ಮೇಲೆ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಲ್ಲುತ್ತಾರೆ.

ನಮ್ಮ ಕೋಲಾರದಲ್ಲೂ ಒಂದು ಬಾವಲಿಯಿದೆ. ಎಲೆಯಾಕಾರದ ಮೂಗಿನ ಆ ಜಾತಿ ಇಡೀ ಜಗತ್ತಿನಲ್ಲಿ ಉಳಿದಿರುವುದು ಹನುಮನಹಳ್ಳಿಯ ಒಂದೇ ಒಂದು ಗುಹೆಯಲ್ಲಿ, ಇನ್ನೂರಕ್ಕಿಂತ ಕಡಿಮೆ ಸಂಖ್ಯೆಯಲ್ಲಿ. ಸುತ್ತಲಿನ ಕಲ್ಲು ಗಣಿಗಾರಿಕೆ ಅದಕ್ಕೆ ಕಂಟಕವಾಗಿತ್ತು. ಕೋಲಾರ ಜಿಲ್ಲೆಯ ಮಕ್ಕಳಿಗೆ ಡಿಜಿಟಲ್ ಪಾಠದ ಹಿಮಕರಡಿ ಗೊತ್ತು, ಈ ಬಾವಲಿ ಎಷ್ಟು ಮಂದಿಗೆ ಗೊತ್ತು? ನಾನೇ ಕೋಲಾರದವನು, ನನಗೆ ಗೊತ್ತಾದದ್ದು ಲಿಯಾಂಡರಿನಲ್ಲಿ ಕುಳಿತು, ಇಂಗ್ಲಿಷಿನಲ್ಲಿ ಓದಿದಾಗ. ನಾಚಿಕೆಯಾಯಿತು.

ಗೆಳೆಯರ ಮುಂದೆ ಈ ಮಾತೆತ್ತಿದರೆ ಎರಡು ಉತ್ತರ ಬರುತ್ತವೆ. ಒಂದು, "ಹೇಗೂ ಎಲ್ಲರೂ ಇಂಗ್ಲಿಷಿಗೆ ಹೋಗುತ್ತಿದ್ದಾರೆ, ಕನ್ನಡದ ವಿಜ್ಞಾನ ಯಾರಿಗೆ?" ಹೋಗುತ್ತಿರುವವರಿಗಲ್ಲ ಸ್ವಾಮಿ, ಹೋಗಲಾರದವರಿಗೆ. ಕಲಬುರಗಿಯ ಆ ತಾಯಂದಿರಿಗೆ, ನನ್ನ ಅಮ್ಮನಿಗೆ, ಟ್ಯೂಷನ್ನಿಗೆ ದುಡ್ಡಿಲ್ಲದ ಮನೆಯ ಹುಡುಗಿಗೆ. ನಾವೆಲ್ಲ ಇಂಗ್ಲಿಷ್ ಕಲಿತು ವಿಮಾನ ಹತ್ತಿದೆವು ಎಂದ ಮಾತ್ರಕ್ಕೆ ಊರಿನವರ ತಿಳಿವಳಿಕೆಗೂ ಅದೇ ಟಿಕೆಟ್ಟು ಬೇಕೆನ್ನುವುದು ಅಹಂಕಾರ.

ಎರಡನೆಯದು ಹೊಸ ಉತ್ತರ: "ಇನ್ನು ಎಐ ಇದೆಯಲ್ಲ, ಎಲ್ಲವನ್ನೂ ಅದೇ ಅನುವಾದಿಸುತ್ತದೆ." ಅನುವಾದಿಸಲಿ, ಸಂತೋಷ. ಆದರೆ ಪಾತ್ರೆಯಲ್ಲಿದ್ದರಲ್ಲವೇ ಸೌಟಿಗೆ ಬರುವುದು? ಯಂತ್ರ ಕನ್ನಡ ಕಲಿಯುವುದು ನಾವು ಬರೆದಿಟ್ಟ ಕನ್ನಡದಿಂದಲೇ. ಅಲ್ಲಿ ರಾಶಿಫಲವೇ ತುಂಬಿದ್ದರೆ ಅದೂ ಅದನ್ನೇ ಕಲಿತೀತು. ಹಿಮಕರಡಿಯ ಪಾಠವನ್ನು ಎಷ್ಟು ಚೆನ್ನಾಗಿ ಅನುವಾದಿಸಿದರೂ ಅದು ಹನುಮನಹಳ್ಳಿಯ ಬಾವಲಿಯ ಪಾಠವಾಗುವುದಿಲ್ಲ.

ಬರೆಯುವವರಿಗೆ ಕೊರತೆಯಿಲ್ಲ. ನಾಗೇಶ ಹೆಗಡೆಯವರ ಅಂಕಣ ಓದಿ ಬೆಳೆದ ಒಂದು ಪೀಳಿಗೆಯೇ ಇದೆ. ಟಿ. ಜಿ. ಶ್ರೀನಿಧಿಯವರ ಇಜ್ಞಾನ 2007ರಿಂದ ನಡೆದಿದೆ. ಕೊಳ್ಳೇಗಾಲ ಶರ್ಮರು 'ಜಾಣ ಸುದ್ದಿ'ಯನ್ನು ಧ್ವನಿರೂಪದಲ್ಲಿ ಜನರ ಮೊಬೈಲಿಗೇ ಮುಟ್ಟಿಸಿದರು. ಕೊರತೆ ಇರುವುದು ಇಂಥ ಕೆಲಸವನ್ನು ಸಂಬಳ ಕೊಟ್ಟು, ವರ್ಷಗಟ್ಟಲೆ ನಡೆಸುವ ದಾನಿಗಳಿಗೆ.

ಆದ್ದರಿಂದ ಲೆಕ್ಕಿಗನಾಗಿ ನನ್ನ ಬೇಡಿಕೆ ಇಷ್ಟೆ. ಯಂತ್ರಕ್ಕೆ ಒಂದು ರೂಪಾಯಿ ಕೊಡುವ ಸಂಘ ಪಾಠಕ್ಕೂ ಒಂದು ರೂಪಾಯಿ ಕೊಡಲಿ. ಪಾಠ ಬರೆಯುವ ಮೇಷ್ಟ್ರಿಗೆ, ಚಿತ್ರ ಬಿಡಿಸುವವರಿಗೆ ಶಾಲು ಹೊದಿಸಿ ಕಳಿಸದೆ ಸಂಭಾವನೆ ಕೊಡಲಿ. ಪಾಠ ಯೂನಿಕೋಡಿನಲ್ಲಿರಲಿ, ಯಾರು ಬೇಕಾದರೂ ಪಡೆದು, ತಿದ್ದಿ, ಹಂಚುವ ಮುಕ್ತ ಪರವಾನಗಿಯಲ್ಲಿರಲಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ 2015ರಿಂದ ಮಕ್ಕಳ ಕತೆಗಳನ್ನು ಹಾಗೇ ಕೊಡುತ್ತಿದೆ, ವಿಜ್ಞಾನಕ್ಕೂ ಅದೇ ದಾರಿ ಸಾಧ್ಯ. ಪ್ರತಿ ಪಾಠದ ಹೆಸರಿನಲ್ಲಿ ಒಂದಿಷ್ಟು ದುರಸ್ತಿ ನಿಧಿ ಇರಲಿ, ತಂತ್ರಾಂಶ ಸತ್ತರೂ ಪಾಠ ಸಾಯದಿರಲಿ. ವರ್ಷಕ್ಕೊಮ್ಮೆ ಆಡಿಟ್ ಆಗಲಿ: ಎಷ್ಟು ಟ್ಯಾಬ್ಲೆಟ್ ಕೊಟ್ಟಿರಿ ಎಂದಲ್ಲ, ಬೀರುವಿನ ಬೀಗ ಎಷ್ಟು ಸಲ ತೆಗೆದರು ಎಂದು.

ದುಡ್ಡಿಲ್ಲದವರಿಗೂ ಕೆಲಸವಿದೆ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಪ್ರಯೋಗಗಳನ್ನು ಯಾರು ಬೇಕಾದರೂ ತಮ್ಮ ಭಾಷೆಗೆ ತರಬಹುದು. ಐನ್ಯಾಚುರಲಿಸ್ಟ್‌ನಲ್ಲಿ ಗಿಡ, ಹಕ್ಕಿಗಳಿಗೆ ಊರಿನ ಹೆಸರು ಸೇರಿಸಬಹುದು. ನಮ್ಮ ಮಕ್ಕಳ ಭಾನುವಾರದ ಕನ್ನಡ ತರಗತಿಯಲ್ಲೇ ಇದನ್ನು ಶುರುಮಾಡಬಹುದು.

ಗ್ರಹಣದ ಸಂಜೆ ಕೊನೆಗೆ ನಾವು ಮಾಡಿದ್ದು ಇಷ್ಟು. ಮಗಳು ಕಿತ್ತಳೆಹಣ್ಣು, ನಿಂಬೆಹಣ್ಣು, ಒಂದು ಟಾರ್ಚು ಹಿಡಿದು ತನ್ನ ಅರೆಬರೆ ಕನ್ನಡದಲ್ಲಿ ಮೂರು ನಿಮಿಷದ ವಿಡಿಯೊ ಮಾಡಿ ಅಜ್ಜಿಗೆ ಕಳಿಸಿದಳು. ಅಮ್ಮ ಅದನ್ನು ಯುಗಾದಿಯ ದಿನ ಮನೆಗೆ ಬಂದವರಿಗೆಲ್ಲ ತೋರಿಸಿದರಂತೆ. "ನೆರಳು ಅಂತೆ ಕಣೋ, ಬರೀ ನೆರಳು" ಅಂದರು ಫೋನಿನಲ್ಲಿ. ಅದಕ್ಕೆ ಆದ ಖರ್ಚು ಒಂದು ಕಿತ್ತಳೆ, ಒಂದು ನಿಂಬೆ.